ಹನ್ನೆರಡನೆಯ ನಂಬರ್

ಅಪ್ಪ ಅಮ್ಮಂದಿರನ್ನು ಮಾಯ ಮಾಡುವುದರಲ್ಲಿ ಕರ್ನಲಮ್ಮನನ್ನು ಮೀರಿಸುವವರು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವರನ್ನೂ ಚಿಕ್ಕಂದಿನಲ್ಲಿ ಅವಳೇ ತಟ್ಟಿ ಮಲಗಿಸಿರುತ್ತಾಳೆ. ಸೈನಿಕರ ಕ್ವಾರ್ಟರ್ಸಿನ ತುದಿಯಲ್ಲಿ, ಲಾರಿಗಳು ನಿಲ್ಲುವ ಅಂಗಳಕ್ಕೆ ಬೆನ್ನು ಹಾಕಿ ಕೂತಿದ್ದ ಡೇಕೇರಿನ ಹಿರಿಯ ಆಯಾ ಅವಳು. ಸೈನ್ಯದಲ್ಲಿ ಅವಳಿಗೆ ಸಾಸಿವೆ ಕಾಳಿನಷ್ಟೂ ಹುದ್ದೆ ಇರಲಿಲ್ಲ. ಆದರೆ ಒಮ್ಮೆ ನಿಜವಾದ ಕರ್ನಲ್ ಸಾಹೇಬರೊಬ್ಬರು ಮೊಮ್ಮಗನನ್ನು ಬಿಡಲು ಬಂದಾಗ ಅವಳು "ಶೂ ಹೊರಗೆ!" ಎಂದು ಗುಡುಗಿದಳಂತೆ, ಸಾಹೇಬರು ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರಂತೆ, ಆ ಗುಡುಗಿಗೆ ಪಕ್ಕದ ಮೂರು ಮನೆಗಳ ಹಾಲು ಒಡೆಯಿತಂತೆ. ಹೆಸರು ಅಂದೇ ಅಂಟಿಕೊಂಡಿತು.

ಅವಳ ವಿದ್ಯೆ ಹೀಗಿತ್ತು. ಹೊಸ ಮಗು ಅಪ್ಪನ ಕೈ ಹಿಡಿದು ಒಳಗೆ ಬರುತ್ತದೆ. ಕರ್ನಲಮ್ಮ ಏಪ್ರನ್ನಿನ ಜೇಬಿನಿಂದ ಸೋಪುನೀರಿನ ಸೀಸೆ ತೆಗೆದು ಊದುತ್ತಾಳೆ. ಒಂದೊಂದು ಗುಳ್ಳೆ ಕುಂಬಳಕಾಯಿ ಗಾತ್ರ. ಮಗು ಬಾಯಿ ತೆರೆದು ಮೇಲೆ ನೋಡುವ ಆ ಅರೆಗಳಿಗೆಯಲ್ಲಿ ಅಪ್ಪ ಹಿಂಬಾಗಿಲಿನಿಂದ ಜಾರಿಕೊಳ್ಳಬೇಕು. ಆ ಬಾಗಿಲಿನ ಕೀಲುಗಳಿಗೆ ಪ್ರತಿ ಶನಿವಾರ ಅವಳೇ ಎಣ್ಣೆ ಬಿಡುತ್ತಿದ್ದಳು. ಬಾಗಿಲು ತೆರೆದದ್ದು ಬಾಗಿಲಿಗೇ ಗೊತ್ತಾಗುತ್ತಿರಲಿಲ್ಲ. ಮಗು ತಿರುಗಿ ನೋಡುವಷ್ಟರಲ್ಲಿ ಅಪ್ಪನಿಲ್ಲ, ಅಳು ಶುರುವಾಗುವಷ್ಟರಲ್ಲಿ ಬಾಯಲ್ಲಿ ಬಿಸ್ಕತ್ತು. ಒಂದು ದಿನ ಅಳು, ಎರಡನೆಯ ದಿನ ಬಿಕ್ಕು, ಮೂರನೆಯ ದಿನ ಆಟ. ನಾಲ್ಕನೆಯ ದಿನವೂ ಅತ್ತ ಮಗು ಅವಳ ಇಪ್ಪತ್ತೆರಡು ವರ್ಷದ ಚರಿತ್ರೆಯಲ್ಲೇ ಇರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಆ ಹುಡುಗಿ ಬಂದಳು.

ವಯಸ್ಸು ನಾಲ್ಕೂವರೆ. ಎತ್ತರ, ಬಕೆಟ್ಟಿನ ಮೇಲೆ ಬಕೆಟ್ ಇಟ್ಟಷ್ಟು. ಕಾಲಲ್ಲಿ ಮೊಣಕಾಲು ಮುಟ್ಟುವ ಕಪ್ಪು ರಬ್ಬರ್ ಬೂಟು, ಬೆನ್ನಿಗೆ ಚೀಲ. ಅವಳಪ್ಪ ಸೈನ್ಯದ ಸ್ಟೋರ್ಸಿನವನು. ಡೇರೆಯಿಂದ ಹಿಡಿದು ಗುಂಡುಸೂಜಿಯವರೆಗೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದು, ಲಾರಿಗೆ ಹತ್ತಿಸಿ ಇಳಿಸುವುದೇ ಅವನ ಉದ್ಯೋಗ. ಅಮ್ಮ ಸೈನ್ಯದ ಆಸ್ಪತ್ರೆಯ ನರ್ಸು. ನಾಲ್ಕು ವರ್ಷದಲ್ಲಿ ಮೂರು ಊರು ಸುತ್ತಿ ಬಂದ ಸಂಸಾರ.

"ಶುಕ್ರವಾರ ಹನ್ನೊಂದಕ್ಕೆ ಇವರ ಲಾರಿ ಹೊರಡುತ್ತೆ ಅಮ್ಮಾ, ಬರೋದು ಒಂಬತ್ತು ತಿಂಗಳಿಗೆ," ಎಂದಳು ಅಮ್ಮ, ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿ. "ಅವತ್ತೇ ನನಗೂ ಡ್ಯೂಟಿ ಶುರು. ನಿಮ್ಮ ಆಫೀಸಿನವರು ಹೇಳಿದ್ದಾರೆ, ಶುಕ್ರವಾರ ಸಂಜೆಯೊಳಗೆ ಒಂದು ಸಲವಾದ್ರೂ ಮಗು ಇಲ್ಲಿ ಉಣ್ಣಬೇಕು, ನಿದ್ದೆ ಮಾಡಬೇಕು, ಇಲ್ದಿದ್ರೆ ಸೇರಿಸ್ಕೊಳ್ಳಲ್ಲ ಅಂತ. ಆಮೇಲೆ ಶನಿವಾರದ ರೈಲಿಗೆ ಇವಳನ್ನ ಇವಳ ಸೋದರತ್ತೆ ಮನೆಗೆ ಕಳಿಸೋದೊಂದೇ ದಾರಿ. ಆ ಅತ್ತೇನ ಇವಳು ಫೋನಲ್ಲಿ ಬಿಟ್ರೆ ನೋಡೇ ಇಲ್ಲ. ಒಂದೇ ವಾರದಲ್ಲಿ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ ಅಂತಾದ್ರೆ..."



"ಶುಕ್ರವಾರ ಯಾಕಮ್ಮಾ? ಬುಧವಾರಕ್ಕೇ ನಿನ್ನ ಮಗಳು ಮನೆಗೆ ಬರಲ್ಲ ಅಂತ ಹಟ ಮಾಡ್ತಾಳೆ, ನೋಡ್ತಿರು," ಎಂದು ಕರ್ನಲಮ್ಮ ಸೀಸೆ ತೆಗೆದಳು.

ಗುಳ್ಳೆ ಹಾರಿತು. ಅಪ್ಪ ಅಮ್ಮ ಮಾಯವಾದರು. ಹುಡುಗಿ ತಿರುಗಿ ನೋಡಿದಳು. ಅಳಲಿಲ್ಲ. ಹಿಂಬಾಗಿಲನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು, ಅದರ ಎದುರಿಗೇ ಚೀಲ ಬೆನ್ನಿಗಿಟ್ಟುಕೊಂಡು ಕೂತಳು. ಅಷ್ಟೇ. ಊಟಕ್ಕೆ ಕರೆದರೆ ತಲೆಯಾಡಿಸಿದಳು. ಚಾಪೆ ಹಾಸಿದರೆ ಚಾಪೆಯ ಮೇಲೆ ಬೂಟು ಸಮೇತ ಕೂತಳು. ಉಳಿದ ಹದಿನಾಲ್ಕು ಮಕ್ಕಳು ಗೊರಕೆ ಹೊಡೆಯುತ್ತಿದ್ದಾಗ ಈ ಒಂದು ಜೊತೆ ಕಣ್ಣು ಮಾತ್ರ ಕದ ನೋಡುತ್ತಿತ್ತು. ಬೂಟು ಕಳಚಲು ಕರ್ನಲಮ್ಮ ಕೈ ಹಾಕಿದಳು. ಬೂಟು ಕಾಲಿನೊಂದಿಗೇ ಹುಟ್ಟಿತ್ತೋ ಎಂಬಂತೆ ಅಲ್ಲಾಡಲಿಲ್ಲ.

"ಅಳಲಿಲ್ಲ, ನೋಡ್ದೇನೇ? ದಾಖಲೆ!" ಎಂದು ಅವಳು ಅಡುಗೆಯಾಕೆಗೆ ಹೇಳಿದಳು. ಡೇಕೇರಿನ ಅಡುಗೆಯಾಕೆಯ ಕೈಯಲ್ಲಿ ಸೌಟು, ಬಾಯಲ್ಲಿ ಕೊಡಲಿ.

"ಅಳ್ಲಿಲ್ಲ ಸರಿ. ತಿಂದಳಾ? ಮಲಗಿದಳಾ? ಗಂಟೆ ಬಾರಿಸಿದ ತಕ್ಷಣ ಓಡೋಕೆ ತಯಾರಾಗಿ ಕೂತಿದಾಳೆ ಬೂಟಮ್ಮ."

ಮಂಗಳವಾರವೂ ಅದೇ. ಬುಧವಾರ, ಅಂದರೆ ಎಲ್ಲ ಮಕ್ಕಳೂ ಶರಣಾಗುವ ಮೂರನೆಯ ದಿನ, ಹುಡುಗಿ ಮೊದಲ ಬಾರಿ ಬಾಯಿ ಬಿಟ್ಟಳು.

"ಆಯಮ್ಮಾ, ಈ ಮರದ ಕುದುರೆಗೆ ನಂಬರ್ ಇಲ್ವಾ?"

"ಕುದುರೆಗೆ ಯಾತಕ್ಕೆ ಮರಿ ನಂಬರ್ರು?"

"ನಂಬರ್ ಇಲ್ದೇ ಇದ್ರೆ ಬಿಟ್ಟು ಹೋಗ್ತಾರೆ. ನನ್ನ ಮೂರು ಚಕ್ರದ ಸೈಕಲ್ಲಿಗೆ ನಂಬರ್ ಇರ್ಲಿಲ್ಲ. ಆ ಮನೇಲೇ ಉಳೀತು. ನಾಯಿಗೂ ಇರ್ಲಿಲ್ಲ." ಹುಡುಗಿ ಕುದುರೆಯನ್ನು ಬಿಟ್ಟು ಕರ್ನಲಮ್ಮನ ಕಡೆ ತಿರುಗಿದಳು. "ನಿನ್ನ ನಂಬರ್ ಎಷ್ಟು?"

"ನಂದಾ? ಒಂದನೇ ನಂಬರ್! ಈ ಊರಿಗೇ ಒಂದನೇ ನಂಬರ್ ಆಯಾ!" ಎಂದು ಕರ್ನಲಮ್ಮ ಹೊಟ್ಟೆ ಕುಣಿಯುವಂತೆ ನಕ್ಕಳು. ಹುಡುಗಿ ನಗಲಿಲ್ಲ. ನಂಬರ್ ಎಲ್ಲಿ ಬರೆದಿದೆಯೆಂದು ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

ಗುರುವಾರ ಸಂಜೆ ಮಗಳನ್ನು ಕರೆದೊಯ್ಯಲು ಬಂದ ಅಪ್ಪನ ಉಗುರುಗಳ ಸಂದಿಯಲ್ಲಿ ಬಿಳಿ ಬಣ್ಣ ಒಣಗಿತ್ತು. ಇಡೀ ದಿನ ಪೆಟ್ಟಿಗೆಗಳಿಗೆ ನಂಬರ್ ಬರೆದು ಬಂದಿದ್ದ.

"ನಾಳೆ ಹೋಗೋವಾಗ ಇವಳಿಗೆ ಹೇಳಿ ಹೋಗ್ತೀನಿ ಅಮ್ಮಾ," ಎಂದ.

"ಹೇಳೋದು? ಏನ್ ಹೇಳ್ತೀಯಪ್ಪಾ? ಹೇಳಿದ್ರೆ ಕಾಲು ಕಟ್ಕೋತಾಳೆ, ನಿನ್ನ ಕಣ್ಣಲ್ಲೂ ನೀರು ಬರುತ್ತೆ, ಅಲ್ಲಿಗೆ ಕೆಲಸ ಕೆಟ್ಟಿತು. ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ. ಸುಮ್ನೆ ಜಾರ್ಕೋ. ಉಳಿದಿದ್ದು ನನಗೆ ಬಿಡು."

"ಹಿಂದಿನ ಊರಲ್ಲೂ ಹಿಂಗೇ ಮಾಡಿದ್ವಿ. ಮಲಗಿದ್ದಾಗ ಎದ್ದು ಹೋದೆ. ಆಮೇಲೆ ತುಂಬಾ ದಿನ ಮಲಗ್ಲೇ ಇಲ್ವಂತೆ."

ಈ ಮಾತು ಕರ್ನಲಮ್ಮನ ಕಿವಿಯವರೆಗೆ ಬಂತು, ಒಳಗೆ ಇಳಿಯಲಿಲ್ಲ. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದವಳ ಮುಂದೆ ಸೋಲುವುದು ಹೇಗೆ? "ಆ ಊರಲ್ಲಿ ನಾನಿರ್ಲಿಲ್ಲವಲ್ಲಪ್ಪಾ," ಎಂದಳು.

ಅವನು ತಲೆ ತಗ್ಗಿಸಿ ಒಪ್ಪಿಕೊಂಡ.

ಶುಕ್ರವಾರ ಬೆಳಿಗ್ಗೆಯಿಂದಲೇ ಹಿಂದಿನ ಅಂಗಳದಲ್ಲಿ ಲಾರಿಗಳು ಗುರುಗುಟ್ಟತೊಡಗಿದವು. ಡೇಕೇರಿನ ಕಿಟಕಿ ಗಾಜು, ತಟ್ಟೆ, ಲೋಟ, ಕರ್ನಲಮ್ಮನ ಎರಡು ಕಟ್ಟಿಸಿದ ಹಲ್ಲು, ಎಲ್ಲ ಅದುರಿದವು. ಅಮ್ಮ ಎಂಟಕ್ಕೇ ಆಸ್ಪತ್ರೆಗೆ ಹೋಗಿದ್ದಳು, ಬರುವುದು ನಾಲ್ಕಕ್ಕೆ. ಹತ್ತು ಗಂಟೆಗೆ ಅಪ್ಪ ಸಮವಸ್ತ್ರದಲ್ಲಿ ಮಗಳನ್ನು ಕರೆತಂದ. ಹುಡುಗಿ ಅವನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಅಂದು ಕರ್ನಲಮ್ಮ ಊದಿದ ಗುಳ್ಳೆ ಸಾಮಾನ್ಯದ್ದಲ್ಲ. ಅದರೊಳಗೆ ಇಡೀ ಕೋಣೆ, ಹದಿನೈದು ಮಕ್ಕಳು, ಗೋಡೆಯ ಗಡಿಯಾರ ಎಲ್ಲ ತಲೆಕೆಳಗಾಗಿ ಕಾಣುತ್ತಿದ್ದವು. ಹುಡುಗಿ ಒಂದು ಕೈ ಬಿಟ್ಟು ಬೆರಳು ಚಾಚಿದಳು. ಗುಳ್ಳೆ ಇನ್ನೂ ಮೇಲೇರಿತು. ಇನ್ನೊಂದು ಕೈಯನ್ನೂ ಬಿಟ್ಟಳು. ಬಾಗಿಲು ಉಸಿರೆತ್ತದೆ ತೆರೆಯಿತು, ಉಸಿರೆತ್ತದೆ ಮುಚ್ಚಿತು.

ಹುಡುಗಿ ತಿರುಗಿದಳು. ತನ್ನ ಖಾಲಿ ಕೈಗಳನ್ನು ನೋಡಿಕೊಂಡಳು. ಆಮೇಲೆ ಸುಮ್ಮನೆ ಬಣ್ಣದ ಮೇಜಿನ ಕಡೆಗೆ ನಡೆದಳು.

ಅಪ್ಪ ಅಮ್ಮ ಮಾಯವಾದ ಕೂಡಲೇ ಒಳಗಿನಿಂದ ಬೋಲ್ಟು ಹಾಕುವುದು ಕರ್ನಲಮ್ಮನ ಕಟ್ಟುನಿಟ್ಟಿನ ಪದ್ಧತಿ. ಅಂದು ಮಾತ್ರ ಅವಳು ಮೊದಲು ಅಡುಗೆಮನೆಗೆ ಹೋದಳು. ಗೆದ್ದವಳಿಗೆ ಸೋತವರ ಮುಖ ನೋಡುವ ಆಸೆ ತಾನೆ?

"ಬಣ್ಣ ಹಚ್ತಾ ಕೂತಿದಾಳೆ ನೋಡು! ಐದು ದಿನಕ್ಕೆ ಮೊದಲ ಸಲ ಬಾಗಿಲು ಬಿಟ್ಟು ಎದ್ದಿದಾಳೆ! ಏನಂತೀಯ ಈಗ?"

"ಊಟದ ಹೊತ್ತಿಗೆ ಹೇಳ್ತೀನಿ. ಈಗ ಹಾಲು ಉಕ್ತಾ ಇದೆ, ದಾರಿ ಬಿಡಿ ಕರ್ನಲಮ್ಮೋರೆ."

ಈ ಮಾತುಕತೆಗೆ ಹಿಡಿದದ್ದು ಐದು ನಿಮಿಷ, ಹೆಚ್ಚೆಂದರೆ ಆರು. ಅವಳು ವಾಪಸು ಬಂದಾಗ ಬಣ್ಣದ ಮೇಜಿನಲ್ಲಿ ಹುಡುಗಿ ಇರಲಿಲ್ಲ.

ಹೊದಿಕೆಗಳ ಕಪಾಟಿನಲ್ಲಿ ಇರಲಿಲ್ಲ. ಕಕ್ಕಸಿನಲ್ಲಿ ಇರಲಿಲ್ಲ. ಆಟಿಕೆ ಬುಟ್ಟಿಯನ್ನು ಬೋರಲು ಹಾಕಿದರೆ ಕುದುರೆ ಬಿತ್ತು, ಹುಡುಗಿ ಬೀಳಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿದಂತೆಯೇ ಇತ್ತು. ಹಿಂಬಾಗಿಲು ಮಾತ್ರ ಒಂದು ಗೇಣು ತೆರೆದು, ಗಾಳಿಗೆ ಆಚೀಚೆ ಆಡುತ್ತಿತ್ತು. ಒಂದಿಷ್ಟೂ ಸದ್ದಿಲ್ಲದೆ.

ಬೆಟ್ಟದಂಥ ಹೆಂಗಸು ಬಾಗಿಲ ಚೌಕಟ್ಟಿಗೆ ಆತುಕೊಂಡಳು.

"ಏ ಬಾರೇ ಇಲ್ಲಿ! ಮಗು ಇಲ್ಲ ಕಣೇ!"

ಅಡುಗೆಯಾಕೆ ಓಡಿಬಂದಳು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಆ ವಿಷಯದಲ್ಲಿ ಅವಳು ಒಂದು ಕೊಂಕು ಮಾತನ್ನೂ ಆಡಲಿಲ್ಲ. ಕರ್ನಲಮ್ಮನ ಭಯ ಇಮ್ಮಡಿಯಾದದ್ದು ಅದಕ್ಕೇ.

"ಮಿಕ್ಕ ಮಕ್ಕಳನ್ನ ನಾನು ನೋಡ್ಕೋತೀನಿ ಅಕ್ಕಾ. ನೀವು ಹೊರಗೆ ಓಡಿ. ಮೊದಲು ನೀರಿನ ತೊಟ್ಟಿ ನೋಡಿ."

ಹಿಂದಿನ ಓಣಿಯಲ್ಲಿ ನೀರಿನ ತೊಟ್ಟಿಯ ಮುಚ್ಚಳ ಅರ್ಧ ಸರಿದಿತ್ತು. ಕರ್ನಲಮ್ಮ ಮಂಡಿಯೂರಿ ಬಗ್ಗಿದಳು. ಕಪ್ಪು ನೀರಿನಲ್ಲಿ ಅವಳದೇ ಮುಖ. ಕೋಲು ಹಾಕಿ ತಳದವರೆಗೆ ಕದಡಿದಳು. ಏನೂ ತಗಲಲಿಲ್ಲ. ಜೀವ ಬಾಯಿಗೆ ಬಂದಿದ್ದುದು ಅರ್ಧ ವಾಪಸು ಹೋಯಿತು. ಓಣಿಯ ಆ ತುದಿ ಖಾಲಿ, ಈ ತುದಿ ಖಾಲಿ. ಎದುರಿಗೆ ಲಾರಿ ಅಂಗಳದ ಗೇಟು ಹಾರು ಹೊಡೆದಿತ್ತು. ಹೊತ್ತು ಹತ್ತೂವರೆ ದಾಟಿತ್ತು.

ಎಲ್ಲಿಗೆ ಹೋಗುತ್ತಾಳೆ? ಅಪ್ಪನ ಹಿಂದೆ ಓಡಿದ್ದರೆ "ಅಪ್ಪಾ" ಎಂಬ ಒಂದು ಕೂಗಾದರೂ ಕೇಳಿಸಬೇಕಿತ್ತು. ಕೂಗಲಿಲ್ಲ, ಅಳಲಿಲ್ಲ. ಬಣ್ಣದ ಮೇಜಿಗೆ ಹೋದಳು. ಯಾಕೆ ಹೋದಳು?

ಕರ್ನಲಮ್ಮ ಬಂದಷ್ಟೇ ವೇಗದಲ್ಲಿ ಒಳಗೆ ಓಡಿದಳು. ಮೇಜಿನ ಮೇಲೆ ಕೆಂಪು, ಹಳದಿ, ನೀಲಿ ಡಬ್ಬಿಗಳು ಮುಚ್ಚಿದಂತೆಯೇ ಇದ್ದವು. ಬಿಳಿಯದರ ಮುಚ್ಚಳ ಮಾತ್ರ ತೆರೆದಿತ್ತು. ಕುಂಚ ನೆಲದಲ್ಲಿ ಬಿದ್ದಿತ್ತು. ಅಲ್ಲಿಂದ ಹಿಂಬಾಗಿಲವರೆಗೆ ಬಿಳಿಯ ಹನಿಗಳು.

ನಂಬರ್ ಇಲ್ದೇ ಇದ್ರೆ ಬಿಟ್ಟು ಹೋಗ್ತಾರೆ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಅವಳು ಹೊರಟ ಓಟ ಹೇಗಿತ್ತೆಂದರೆ, ಚಪ್ಪಲಿ ಹಿಂದೆ ಬಿದ್ದು ಇವತ್ತಿಗೂ ಅವಳನ್ನು ಹುಡುಕುತ್ತಿವೆ.

ಅಂಗಳದಲ್ಲಿ ಆರು ಲಾರಿ ಸಾಲಾಗಿ ನಿಂತಿದ್ದವು. ಕೊನೆಯ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು. ಎಮ್ಮೆ ಗಾತ್ರದ ಮರದ ಪೆಟ್ಟಿಗೆಗಳು. ಇಬ್ಬರು ಕೆಳಗಿನಿಂದ "ಹೈ!" ಎಂದು ಎತ್ತಿದರೆ, ಮೇಲಿದ್ದ ಇಬ್ಬರು ಅದನ್ನು ಕಾಲಿನಿಂದ ಒದ್ದು, ಟಾರ್ಪಾಲಿನ ಕತ್ತಲೊಳಗೆ ಒಳಮುಟ್ಟ ತಳ್ಳುತ್ತಿದ್ದರು. ಪೆಟ್ಟಿಗೆಗೆ ಪೆಟ್ಟಿಗೆ ಬಡಿದು ಧಡ್ ಎನ್ನುತ್ತಿತ್ತು. ಪಕ್ಕದಲ್ಲಿ ಅಪ್ಪ ಪಟ್ಟಿ ಹಿಡಿದು ಗುರುತು ಹಾಕುತ್ತಿದ್ದ.

"ಎಂಟು! ಒಳಗೆ ತಳ್ರಪ್ಪಾ! ಒಂಬತ್ತು!"

ಒಂಬತ್ತನೆಯದು ನೆಲ ಬಿಟ್ಟು ಮೇಲೆದ್ದಿತ್ತು.

"ನಿಲ್ಲಿಸ್ರೋ!"

ಆ ಕೂಗಿಗೆ ಆರೂ ಲಾರಿಗಳ ಇಂಜಿನ್ ತಾವಾಗಿಯೇ ಆಫಾದವು ಎನ್ನುತ್ತಾರೆ. ಆಗದಿದ್ದರೂ ಒಂಬತ್ತನೆಯ ಪೆಟ್ಟಿಗೆಯಂತೂ ನಾಲ್ಕು ಕೈಗಳ ಮೇಲೆ ಗಾಳಿಯಲ್ಲೇ ನಿಂತಿತು. ಬರಿಗಾಲಿನಲ್ಲಿ ಏದುಸಿರು ಬಿಡುತ್ತ ಬಂದ ಕರ್ನಲಮ್ಮನನ್ನು ನೋಡಿ ಅಪ್ಪನ ಮುಖ ಸುಣ್ಣದಂತಾಯಿತು.

"ಏನಾಯ್ತಮ್ಮಾ?"

"ನಿನ್ನ ಪೆಟ್ಟಿಗೆ ಒಟ್ಟು ಎಷ್ಟಪ್ಪಾ?"

"ಹನ್ನೊಂದು. ಯಾಕೆ?"

"ಅದು ನಿನ್ನ ಮಗಳಿಗೂ ಗೊತ್ತಾ?"

"ನಿನ್ನೆ ರಾತ್ರಿ ನನ್ನ ಜೊತೇಲೇ ಕೂತು ಪಟ್ಟಿ ಎಣಿಸಿದ್ಲು..."

"ಹಂಗಾದ್ರೆ ಹನ್ನೆರಡನೇದು ಒಳಗಿದೆ. ಹತ್ತಿ ನೋಡು. ಬೇಗ!"

ಅವನು ಪಟ್ಟಿ ಎಸೆದು ಒಂದೇ ನೆಗೆತಕ್ಕೆ ಲಾರಿ ಹತ್ತಿದ. ಎಂಟು ಪೆಟ್ಟಿಗೆಗಳನ್ನು ಒಬ್ಬನೇ ಎಳೆದು ಸರಿಸಿದ. ಅವುಗಳನ್ನು ಹತ್ತಿಸಲು ನಾಲ್ಕು ಜನ ಬೇಕಾಗಿತ್ತು. ಅತ್ಯಂತ ಒಳಗೆ, ಡ್ರೈವರ್ ಕೋಣೆಯ ಗೋಡೆಗೂ ಮೊದಲ ಪೆಟ್ಟಿಗೆಗೂ ನಡುವಿನ ಮೊಳದಗಲ ಸಂದಿಯಲ್ಲಿ ಬೂಟಮ್ಮ ಮಂಡಿ ಅಪ್ಪಿಕೊಂಡು ಕೂತಿದ್ದಳು. ಲಾರಿ ಇನ್ನೂ ಖಾಲಿಯಿದ್ದಾಗಲೇ, ಕೆಳಗಿದ್ದ ಪೆಟ್ಟಿಗೆಗಳ ಮೇಲೆ ಕಾಲಿಟ್ಟು ಹತ್ತಿದ್ದಳು. ಫ್ರಾಕಿನ ಎದೆಯ ಮೇಲೆ ದಪ್ಪ ಬಿಳಿ ಬಣ್ಣದಲ್ಲಿ ಹನ್ನೆರಡು. ಎರಡರ ಅಂಕಿ ತಿರುವುಮುರುವಾಗಿತ್ತು. ಬಣ್ಣ ಇನ್ನೂ ಹಸಿಯಾಗಿತ್ತು. ಇನ್ನೊಂದು ಪೆಟ್ಟಿಗೆ ಬಲವಾಗಿ ಬಡಿದಿದ್ದರೆ ಆ ಸಂದಿ ಇರುತ್ತಲೇ ಇರಲಿಲ್ಲ.

"ನಂಗೆ ನಂಬರ್ ಇದೆ ಅಪ್ಪಾ," ಎಂದಳು ಹುಡುಗಿ.

ಅಪ್ಪ ಅವಳನ್ನು ಎತ್ತಿಕೊಂಡು ಕೆಳಗಿಳಿದ. ದೊಡ್ಡ ಮೀಸೆಯ ಮೇಲಧಿಕಾರಿಯೊಬ್ಬರು ದಾಪುಗಾಲು ಹಾಕುತ್ತ ಬಂದರು. ಆ ಮೀಸೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಟ್ಟೆ ಒಣಹಾಕಬಹುದಿತ್ತು.

"ಮಗು ಇಲ್ಲಿಗೆ ಹೆಂಗ್ ಬಂತ್ರೀ? ಹದಿನೈದು ನಿಮಿಷ ಇದೆ ಅಷ್ಟೇ. ಕರ್ಕೊಂಡ್ ಹೋಗಮ್ಮಾ, ಏನಾದ್ರೂ ತೋರಿಸಿ ಸಮಾಧಾನ ಮಾಡು!"

ಕರ್ನಲಮ್ಮನ ಕೈ ತಾನಾಗಿಯೇ ಏಪ್ರನ್ನಿನ ಜೇಬಿಗೆ ಹೋಯಿತು. ಸೀಸೆ ಅಲ್ಲೇ ಇತ್ತು. ಒಂದು ಗುಳ್ಳೆ ಸಾಕು. ಹುಡುಗಿ ಮೇಲೆ ನೋಡುತ್ತಾಳೆ, ಅಪ್ಪ ಲಾರಿ ಹತ್ತುತ್ತಾನೆ, ಹನ್ನೊಂದಕ್ಕೆ ಸರಿಯಾಗಿ ಎಲ್ಲ ಮುಗಿಯುತ್ತದೆ. ಹುಡುಗಿಯ ಕಣ್ಣು ಆ ಜೇಬಿನ ಮೇಲೇ ಇತ್ತು. ಸೀಸೆ ಬಂದರೆ ಅಪ್ಪ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಸೋಮವಾರದಿಂದ ಗೊತ್ತಿತ್ತು.

ಕರ್ನಲಮ್ಮ ಸೀಸೆಯನ್ನು ಹೊರತೆಗೆದು ಮೀಸೆಯ ಸಾಹೇಬರ ಕೈಗೆ ಕೊಟ್ಟಳು.

"ಇದನ್ನ ಹಿಡ್ಕೊಂಡಿರಿ ಸಾಹೇಬ್ರೆ. ಹದಿನೈದು ನಿಮಿಷ ಇದೆ ಅಂದ್ರಲ್ಲ, ಅಷ್ಟು ಬೇಕು," ಎಂದಳು. ಅಪ್ಪನ ಕಡೆ ತಿರುಗಿದಳು. "ಹೇಳಪ್ಪಾ. ನಿನ್ನೆ ಹೇಳ್ತೀನಿ ಅಂದಿದ್ದನ್ನ ಹೇಳು. ತಪ್ಪು ನಂದು. ಮುಖ ನೋಡಿ ಹೇಳು."

ಅವನು ಮಗಳನ್ನು ನೆಲಕ್ಕಿಳಿಸಿ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಪುಟ್ಟಾ, ನಾನು ಹೋಗ್ತಾ ಇದೀನಿ. ಲಾರೀಲಿ. ನೀನು ಬರಲ್ಲ. ಅಮ್ಮ ಇಲ್ಲೇ ಇರ್ತಾಳೆ. ಸಂಜೆ ಬಂದು ನಿನ್ನ ಮನೆಗೆ ಕರ್ಕೊಂಡ್ ಹೋಗ್ತಾಳೆ. ದಿನಾ."

"ನಂಗೆ ನಂಬರ್ ಇದೆ!"

"ಇದೆ. ಆದ್ರೂ ನೀನು ಬರಲ್ಲ."

ಐದು ದಿನದಿಂದ ಕಟ್ಟಿಟ್ಟಿದ್ದ ಅಳು ಆಗ ಒಡೆಯಿತು. ಅದನ್ನು ಅಳು ಎನ್ನುವುದು ಕಡಿಮೆಯಾಯಿತು. ಮರದ ಮೇಲಿದ್ದ ಹಕ್ಕಿಗಳೆಲ್ಲ ಎದ್ದು ಪಕ್ಕದ ಊರಿಗೆ ವಲಸೆ ಹೋದವು. ಹುಡುಗಿ ಅಪ್ಪನ ಎದೆಗೆ ಗುದ್ದಿದಳು, ಬೂಟುಗಾಲಿನಿಂದ ಒದ್ದಳು. ಅವನ ಸಮವಸ್ತ್ರದ ಮೇಲೆಲ್ಲ ಬಿಳಿ ಬಣ್ಣ. ಕರ್ನಲಮ್ಮ ನಡುವೆ ಬರಲಿಲ್ಲ. ಬಿಸ್ಕತ್ತು ಕೊಡಲಿಲ್ಲ. ಸುಮ್ಮನೆ ನಿಲ್ಲುವ ಕೆಲಸ ಇಷ್ಟು ಕಷ್ಟವೆಂದು ಅವಳಿಗೆ ಆ ವಯಸ್ಸಿನಲ್ಲಿ ತಿಳಿಯಿತು.

"ಸೈಕಲ್ ತರಾ ಬಿಟ್ ಹೋಗ್ತೀಯಾ?" ಬಿಕ್ಕುಗಳ ನಡುವೆ ಪ್ರಶ್ನೆ ಬಂತು.

ಅಪ್ಪ ಎದ್ದು, ಇನ್ನೂ ಕೆಳಗೇ ಇದ್ದ ಹನ್ನೊಂದನೆಯ ಪೆಟ್ಟಿಗೆಯ ಹತ್ತಿರ ಹೋದ. ಅದೊಂದು ಮಾತ್ರ ಸ್ಟೋರ್ಸಿನದಲ್ಲ, ಅವನದೇ ಹಳೆಯ ಕಬ್ಬಿಣದ ಟ್ರಂಕು. ಮುಚ್ಚಳ ತೆಗೆದು ಸಾಕ್ಸು, ಕ್ಷೌರದ ಸಾಮಾನು, ಎರಡು ಬನಿಯನ್ನು ಬಾಚಿ ಕೈಚೀಲಕ್ಕೆ ತುರುಕಿಕೊಂಡ. ಖಾಲಿ ಟ್ರಂಕನ್ನು ಎಳೆದು ತಂದು ಮಗಳ ಮುಂದಿಟ್ಟ.

"ಇದರ ಮೇಲೆ ಎಷ್ಟು ಬರೆದಿದೆ?"

"ಹನ್ನೊಂದು."

"ನನ್ನ ಪೆಟ್ಟಿಗೆ ಯಾವತ್ತಾದ್ರೂ ಎಲ್ಲಾದ್ರೂ ಉಳಿದಿದೆಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ಇದು ಆಯಮ್ಮನ ಹತ್ರ ಇರ್ಲಿ. ನೀನೇ ಕಾಯ್ಬೇಕು. ಬಿಟ್ಟವನೇ ಬಂದು ತಗೋಬೇಕು, ಬೇರೆ ಯಾರಿಗೂ ಕೊಡಂಗಿಲ್ಲ. ಸ್ಟೋರ್ಸಿನ ರೂಲು ಅದು. ಕೇಳು ಬೇಕಾದ್ರೆ ಸಾಹೇಬ್ರನ್ನ."

ಸೋಪುನೀರಿನ ಸೀಸೆ ಹಿಡಿದು ನಿಂತಿದ್ದ ಸಾಹೇಬರು ಗಂಟಲು ಸರಿಮಾಡಿಕೊಂಡು, "ಹೌದು. ರೂಲು," ಎಂದರು.

ಹನ್ನೊಂದಕ್ಕೆ ಲಾರಿ ಹೊರಟಿತು. ಹುಡುಗಿ ಅದನ್ನು ನೋಡಿದಳು. ಅಪ್ಪ ಹಿಂದಿನ ಹಲಗೆಯ ಮೇಲೆ ಕೈ ಬೀಸುತ್ತ ಚಿಕ್ಕವನಾಗುವುದನ್ನೂ ತಿರುವಿನಲ್ಲಿ ಮರೆಯಾಗುವುದನ್ನೂ ಕಣ್ಣಾರೆ ನೋಡಿದಳು. ಅವಳನ್ನು ಹೆಗಲಿಗೇರಿಸಿಕೊಂಡು ನಿಂತಿದ್ದವಳು ಕರ್ನಲಮ್ಮ. ಆ ಒಂಬತ್ತು ತಿಂಗಳಲ್ಲಿ ಏನೇನು ಆಗಬಹುದೆಂದು ಕ್ವಾರ್ಟರ್ಸಿನಲ್ಲಿ ಬಾಳಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಟ್ರಂಕು ಡೇಕೇರಿನ ಗೋಡೆಗೆ ಆನಿಕೊಂಡಿತು, ಅದರ ಮೇಲೆ ಹುಡುಗಿ. ಹನ್ನೆರಡಾದರೂ ಅಳು ನಿಲ್ಲಲಿಲ್ಲ. ಒಂದಕ್ಕೆ ಊಟ ಬಂತು, ತಟ್ಟೆ ಹಾಗೇ ವಾಪಸಾಯಿತು. ಅಡುಗೆಯಾಕೆ ಒಂದು ಬಾಳೆಹಣ್ಣನ್ನು ಟ್ರಂಕಿನ ಮೂಲೆಯಲ್ಲಿಟ್ಟು, ನೋಡದವಳಂತೆ ಹೋದಳು. ಎರಡಕ್ಕೆ ನೋಡಿದರೆ ಅರ್ಧ ಹಣ್ಣು ಇತ್ತು.

"ಅರ್ಧ ತಿಂದಿದಾಳೆ ಅಕ್ಕಾ," ಎಂದು ಅವಳು ಪಿಸುಗುಟ್ಟಿದಳು.

"ಶ್! ಜೋರಾಗಿ ಉಸಿರಾಡ್ಬೇಡ!"

ಎರಡೂವರೆಗೆ ಉಳಿದ ಮಕ್ಕಳು ಮಲಗಿದರು. ಮೂರಾಯಿತು. ಕರ್ನಲಮ್ಮ ಗೋಡೆಯ ಗಡಿಯಾರವನ್ನೂ ಟ್ರಂಕನ್ನೂ ನೋಡಿ ನೋಡಿ ಕತ್ತು ಉಳುಕಿಸಿಕೊಂಡಳು. ನಾಲ್ಕಕ್ಕೆ ಅಮ್ಮ ಬರುತ್ತಾಳೆ, ಹಿಂದೆಯೇ ಆಫೀಸಿನವರು ಕೇಳುತ್ತಾರೆ, ನಾಳೆ ರೈಲು. ಮೂರೂಕಾಲಿಗೆ ಧಪ್ ಎಂದು ಸದ್ದಾಯಿತು. ಒಂದು ಬೂಟು ನೆಲಕ್ಕೆ ಬಿದ್ದಿತ್ತು. ಹುಡುಗಿ ಕಬ್ಬಿಣದ ಟ್ರಂಕಿನ ಮೇಲೆ ಮೊಣಕೈ ತಲೆದಿಂಬು ಮಾಡಿಕೊಂಡು ಮುದುಡಿದ್ದಳು. ಒಂದು ಕಾಲು ಬರಿದು, ಇನ್ನೊಂದರಲ್ಲಿ ಬೂಟು. ಕಣ್ಣು ಮುಚ್ಚಿತ್ತು.

"ಅರ್ಧ ಹಣ್ಣು, ಒಂದು ಬೂಟು. ಅರ್ಧ ಪಾಸು," ಎಂದಳು ಅಡುಗೆಯಾಕೆ. "ಇನ್ನೊಂದನ್ನ ಕಳಚ್ಲಾ?"

"ಕೈ ಮುರೀತೀನಿ. ಅದು ಅವಳದು. ಉಂಡ್ಳು, ಮಲಗಿದ್ಲು ಅಂತ ಆಫೀಸಿಗೆ ನಾನು ಹೇಳ್ತೀನಿ."

ಕರ್ನಲಮ್ಮ ಹಳೆಯ ಬಟ್ಟೆ, ಬಿಸಿನೀರು, ಸೋಪಿನ ಪುಡಿ ತೆಗೆದುಕೊಂಡು ಹಿಂಬಾಗಿಲಿಗೆ ಹೋದಳು. ಕೀಲುಗಳಿಂದ ಇಪ್ಪತ್ತೆರಡು ವರ್ಷದ ಎಣ್ಣೆ ಜಿಡ್ಡು ಕಪ್ಪಗೆ ಇಳಿಯಿತು. ಉಜ್ಜಿ ಒರೆಸಿ, ಬಾಗಿಲನ್ನು ಮೆಲ್ಲಗೆ ಎಳೆದು ನೋಡಿದಳು. ಇನ್ನೂ ಸುಮ್ಮನಿತ್ತು. ಮತ್ತೆ ಉಜ್ಜಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ನರ್ಸಿನ ಬಟ್ಟೆಯಲ್ಲೇ ಓಡಿಬಂದ ಅಮ್ಮ, ಹತ್ತಿರದ ದಾರಿಯೆಂದು ಹಿಂಬಾಗಿಲನ್ನೇ ತಳ್ಳಿದಳು.

ಕಿರ್ರ್‌ರ್ ಎಂದಿತು ಬಾಗಿಲು.

ಟ್ರಂಕಿನ ಮೇಲಿದ್ದ ತಲೆ ಎದ್ದಿತು. ಬಾಗಿಲಲ್ಲಿ ಯಾರೆಂದು ನೋಡಿತು. ಹುಡುಗಿ ಒಂದೇ ಬೂಟಿನಲ್ಲಿ ಕುಂಟುತ್ತ, ಇನ್ನೊಂದನ್ನು ಅಲ್ಲೇ ಬಿಟ್ಟು, ಅಮ್ಮನ ಕಡೆಗೆ ಓಡಿದಳು.